ಮೂಲೆ ಮಡಚಿದ ಕಾರ್ಡುಗಳು

ಬೆಳಗ್ಗೆ ಎದ್ದು ಮುಖ ತೊಳೆದು, ಕಿಟಕಿಯ ಹತ್ತಿರ ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಆಮೇಲೆ ಪೆನ್ನನ್ನು ಎಡಗೈಗೆ ತೆಗೆದುಕೊಂಡು ಒಂದೇ ಒಂದು ಸಾಲು ಬರೆಯುವುದು ಕಾಗದದಕ್ಕನ ಪದ್ಧತಿ. ಜ್ವರ ಬಂದಾಗಲೂ ಅದನ್ನು ತಪ್ಪಿಸಿದವಳಲ್ಲ. ತಾಯಿ ತೀರಿಕೊಂಡ ಮರುದಿನವೂ ಬರೆದಿದ್ದಳು. ಆ ಸಾಲಿನಲ್ಲಿ ದೊಡ್ಡದೇನೂ ಇರುತ್ತಿರಲಿಲ್ಲ. ‘ಇವತ್ತು ಗಾಳಿ ಜೋರಾಗಿದೆ, ನನ್ನ ಗಡ್ಡ ಹಾರುತ್ತಿದೆ’ ಎಂದೋ, ‘ನಿನ್ನೆ ತಿಂದ ಕಾಗದದಲ್ಲಿ ಉಪ್ಪು ಕಡಿಮೆ ಇತ್ತು’ ಎಂದೋ. ಬರೆದಾದ ಮೇಲೆ ಅದನ್ನು ಚೂರುಚೂರು ಮಾಡಿ ನೀರಿನ ಬೋಗುಣಿಗೆ ಹಾಕಿ, ಕೈ ಒರೆಸಿಕೊಂಡು ಒಲೆ ಹಚ್ಚಲು ಹೋಗುತ್ತಿದ್ದಳು.

“ಅರವತ್ತಮೂರು ತುಂಬ್ತು. ಇನ್ನೂ ದಿನಾ ಬೆಳಗ್ಗೆ ಎದ್ದು ಮೇಕೆ ಆಗ್ತೀಯಲ್ಲೇ ಅಕ್ಕ,” ಎಂದು ಜೊತೆಗಿದ್ದ ತಂಗಿ ರೇಗಿಸುವಳು. “ಒಂದು ದಿನ ನಿಜವಾಗ್ಲೂ ಗಡ್ಡ ಬರುತ್ತೆ ನೋಡು.”

“ಬರಲಿ. ಬಂದ ದಿನ ನೀನೇ ಬಾಚು.”

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗಿತ್ತು. ಮುದ್ರಣಾಲಯದ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಾಗಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಕ್ಕಳ ವಾರಪತ್ರಿಕೆಯೊಂದರ ರವಾನೆ ಕೋಣೆಗೆ ಸೇರಿದ್ದಳು. ಪತ್ರಿಕೆಗಳನ್ನು ಸುತ್ತಿ, ಅಂಟು ಹಚ್ಚಿ, ಮೇಲೆ ವಿಳಾಸ ಬರೆಯುವ ಕೆಲಸ. ಸೇರಿದ ಎರಡನೆಯ ತಿಂಗಳೇ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿಯಿತು. ರಜೆ ಹಾಕಿದರೆ ಕೆಲಸವೇ ಹೋದೀತೆಂದು ಹೆದರಿ, ಪಟ್ಟಿ ಕಟ್ಟಿದ ಕೈಯನ್ನು ಕತ್ತಿಗೆ ತೂಗುಹಾಕಿಕೊಂಡೇ ಬಂದು ಎಡಗೈಯಲ್ಲಿ ವಿಳಾಸ ಬರೆಯತೊಡಗಿದಳು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಒಂದು ಕುಂಟಿದರೆ ಇನ್ನೊಂದು ಮುಗ್ಗರಿಸುವುದು.

ಮೂರನೆಯ ದಿನ ಪತ್ರಿಕೆಗೆ ಚಿತ್ರಕಥೆ ಬರೆಯುವ ಮೇಷ್ಟ್ರು ಕೈಯಲ್ಲೊಂದು ಸುತ್ತುಕಾಗದ ಹಿಡಿದುಕೊಂಡು ಕೆಳಗೆ ಬಂದರು. “ಯಾರಮ್ಮ ಇದನ್ನ ಬರೆದಿದ್ದು?”

ಅವಳು ಪೆನ್ನು ಕೆಳಗಿಟ್ಟು ಎದ್ದುನಿಂತಳು. “ನಾನೇ ಸರ್. ಕೈ ಸರಿಹೋದ ಮೇಲೆ ನೆಟ್ಟಗೆ ಬರೀತೀನಿ ಸರ್.”

“ಬೇಡ ಬೇಡ! ನೆಟ್ಟಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಆರು ತಿಂಗಳಿಂದ ನಾನು ಹುಡುಕ್ತಿರೋದು ಇದನ್ನೇ. ಇದು ಮೇಕೆ ಅಕ್ಷರ ಕಣಮ್ಮ!”

ಮೇಕೆಯೆಂದರೆ ಮೆಲುಕಮ್ಮ. ಮೇಷ್ಟ್ರ ಚಿತ್ರಕಥೆಯ ಮುದಿ ಮೇಕೆ. ಸಣ್ಣ ಗಡ್ಡ, ಒಂದು ಕಡೆ ಮುರಿದ ಕೊಂಬು, ಕತ್ತಿನಲ್ಲಿ ಗಂಟೆಯ ಬದಲು ಒಂದು ಹಳೆಯ ಬೀಗ. ಅದು ತಿನ್ನುವುದು ಕಾಗದ ಮಾತ್ರ. ಮಕ್ಕಳು ಯಾರಿಗೂ ಹೇಳಲಾಗದ್ದನ್ನು ಬರೆದು ಅದಕ್ಕೆ ತಿನ್ನಿಸುತ್ತಾರೆ. ತಿಂದ ಮೇಲೆ ಗುಟ್ಟು ಹೊಟ್ಟೆಯಲ್ಲೇ ಉಳಿಯುತ್ತದೆ. ಕಥೆ ಬರತೊಡಗಿದ ಮೇಲೆ ಮಕ್ಕಳು ನಿಜವಾಗಿಯೇ ಮೇಕೆಗೆ ಕಾಗದ ಬರೆಯಲು ಶುರುಮಾಡಿದ್ದರು. ಮೇಷ್ಟ್ರು ಉತ್ತರ ಬರೆಯಲು ಕೂತರೆ ಅವರ ಅಕ್ಷರ ಮುತ್ತು ಪೋಣಿಸಿದಂತೆ ಬರುತ್ತಿತ್ತು, ಮೇಕೆ ಬರೆದಂತೆ ಕಾಣುತ್ತಿರಲಿಲ್ಲ. ಹೀಗಾಗಿ ಅವಳ ಬಲಗೈ ವಾಸಿಯಾದ ಮೇಲೂ ಎಡಗೈಗೆ ಕೆಲಸ ಸಿಕ್ಕಿತು. ಮೂವತ್ತು ವರ್ಷ ಅವಳು ಮೆಲುಕಮ್ಮನ ಉತ್ತರಗಳನ್ನು ಬರೆದಳು. ವಾರಕ್ಕೊಂದನ್ನು ಅದೇ ಅಕ್ಷರದಲ್ಲಿ ಪತ್ರಿಕೆಯಲ್ಲೂ ಅಚ್ಚು ಹಾಕುತ್ತಿದ್ದರು. ಮುದ್ರಣಾಲಯದಲ್ಲಿ ಅಂಟು ಕಲಸುವವನಿಂದ ಹಿಡಿದು ಸಂಪಾದಕರವರೆಗೆ ಎಲ್ಲರ ಬಾಯಲ್ಲೂ ಅವಳು ಕಾಗದದಕ್ಕ ಆದಳು.

ಮೊದಲ ದಿನವೇ ಮೇಷ್ಟ್ರು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: “ನೋಡಮ್ಮ, ಮೇಕೆ ಮಕ್ಕಳ ಹತ್ರ ಏನನ್ನೂ ಕೇಳಬಾರದು. ಬಾ ಅನ್ನಬಾರದು, ತಾ ಅನ್ನಬಾರದು. ಯಾಕೆ ಬರೀಲಿಲ್ಲ ಅಂತ ಮುನಿಸಿಕೊಳ್ಳಬಾರದು. ಕೊಟ್ಟಿದ್ದನ್ನ ತಿಂದು ಬಾಯಿ ಮುಚ್ಕೊಂಡಿರಬೇಕು. ಅಷ್ಟೇ ಅದರ ಕೆಲಸ.”

ಅವಳು ಅದನ್ನು ವ್ರತದ ಹಾಗೆ ಹಿಡಿದಳು. ಉತ್ತರ ಬರೆದಾದ ಕಾಗದಗಳನ್ನು ಪ್ರತಿ ಶನಿವಾರ ಹರಿದು ದೊಡ್ಡ ತೊಟ್ಟಿಯ ನೀರಿಗೆ ಹಾಕಿ, ಅಕ್ಷರ ಬಿಟ್ಟು ಹೋಗುವ ತನಕ ಕೋಲಿನಿಂದ ಕಲಕುವಳು. ಆ ಮುದ್ದೆ ರಟ್ಟು ಮಾಡಲು ಬೈಂಡರನ ಕೋಣೆಗೆ ಹೋಗುತ್ತಿತ್ತು. ಮಕ್ಕಳಿಗೆ ಕೊಟ್ಟ ಮಾತು ಮಾತೇ. ತಿಂದೆ ಎಂದ ಮೇಲೆ ತಿಂದಿರಬೇಕು. ಉಳಿಯುತ್ತಿದ್ದದ್ದು ಮಗುವಿಗೊಂದು ಪುಟ್ಟ ದಪ್ಪ ಕಾರ್ಡು ಮಾತ್ರ. ಅದರಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ. ಹುಟ್ಟಿದ ದಿನಕ್ಕೆ ಮೇಕೆಯಿಂದ ಎರಡು ಸಾಲು ಹೋಗಬೇಕಲ್ಲ, ಅದಕ್ಕೆ. ತಿಂಗಳಿಗೊಂದರಂತೆ ಹನ್ನೆರಡು ಮರದ ಡ್ರಾಯರುಗಳಲ್ಲಿ ಆ ಕಾರ್ಡುಗಳು ನಿಂತಿದ್ದವು.

ಐದಾರು ವರ್ಷ ಕಳೆದ ಮೇಲೆ ಒಂದು ಕಾಗದ ಬಂತು. ದೊಡ್ಡವರ ಬರಹ. ‘ನಮ್ಮ ಮಗನಿಗೆ ಇನ್ನು ಮುಂದೆ ಉತ್ತರ ಬರೆಯುವುದು ಬೇಡ. ಅವನು ಹೋದ.’ ಅಷ್ಟೇ. ಕಾಗದದಕ್ಕ ಆ ಹುಡುಗನ ಕಾರ್ಡು ತೆಗೆದಳು. ಮೇಲೆ ಏನಾದರೂ ಗುರುತು ಹಾಕಬೇಕು. ಪೆನ್ನು ಎತ್ತಿದರೆ ಕೈ ಬರಲೊಲ್ಲದು. ಹೆಸರಿನ ಮೇಲೆ ಗೀಟು ಎಳೆಯುವುದೆ? ಆ ಪದವನ್ನು ಬರೆಯುವುದೆ? ಕಾರ್ಡನ್ನು ಎಸೆಯಲಂತೂ ಮನಸ್ಸು ಒಪ್ಪಲಿಲ್ಲ. ಕಡೆಗೆ ಬಲಗಡೆಯ ಮೇಲಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮಡಚಿ, ಅದರ ಜಾಗದಲ್ಲೇ ಮತ್ತೆ ನಿಲ್ಲಿಸಿದಳು. ಮೇಷ್ಟ್ರು ಅದನ್ನು ನೋಡಿದರು. ಮುಂದಿನ ಸಲ ಅಂಥ ಕಾಗದ ಅವರ ಕೈಗೆ ಬಂದಾಗ ಅವರೂ ಹಾಗೆಯೇ ಮಾಡಿದರು. ಪ್ರತಿ ತಿಂಗಳ ಮೊದಲ ದಿನ ಡ್ರಾಯರು ಎಳೆದಾಗ ಅವಳ ಬೆರಳು ಮಡಚಿದ ಮೂಲೆ ಬಂದ ಕಡೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. ದೇವರ ಮುಂದೆ ಆ ಹೆಸರನ್ನು ಒಮ್ಮೆ ಹೇಳಿ ಮುಂದಕ್ಕೆ ಹೋಗುತ್ತಿದ್ದಳು.

ಮೇಷ್ಟ್ರು ತೀರಿಕೊಂಡ ವಾರ ಪತ್ರಿಕೆಯಲ್ಲಿ ಮೇಕೆಯ ಪುಟವನ್ನು ಖಾಲಿ ಬಿಟ್ಟರು. ಆ ಖಾಲಿ ಪುಟಕ್ಕೆ ನಾನೂರು ಕಾಗದ ಬಂದವು. ನಾನೂರಕ್ಕೂ ಉತ್ತರ ಬರೆದಳು. ಮರುವರ್ಷ ಪತ್ರಿಕೆಯೇ ನಿಂತಿತು. ಡ್ರಾಯರುಗಳು ಅವಳ ಮನೆಗೆ ಬಂದು ಮಂಚದ ಕೆಳಗೆ ಸೇರಿದವು. ಹುಟ್ಟಿದ ದಿನದ ಕಾಗದಗಳನ್ನು ಕಳಿಸುವವರಿಲ್ಲ. ಆದರೂ ತಿಂಗಳ ಮೊದಲ ದಿನ ಬಗ್ಗಿ ಡ್ರಾಯರು ಎಳೆಯುವುದನ್ನು ಅವಳು ಬಿಡಲಿಲ್ಲ.

ಎರಡು ವರ್ಷದ ಹಿಂದೆ ಮೇಷ್ಟ್ರ ಮಗಳು ಬಂದಳು. ಮೆಲುಕಮ್ಮನನ್ನು ಒಂದು ಬಿಸ್ಕತ್ತು ಕಂಪನಿಗೆ ಬರೆದುಕೊಟ್ಟಿದ್ದಳು. “ಅಪ್ಪನ ಮೇಕೆ ಪೆಟ್ಟಿಗೆಯಲ್ಲಿ ಗೆದ್ದಲು ತಿನ್ನೋದಕ್ಕಿಂತ ಮಕ್ಕಳ ಕೈಯಲ್ಲಿರಲಿ ಅಂತ ಕೊಟ್ಟೆ ಅಕ್ಕ,” ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಕಂಪನಿಯವರಿಗೆ ಕಾರ್ಡುಗಳೂ ಬೇಕಂತೆ. ಇಬ್ಬರು ಆಳುಗಳು ಡ್ರಾಯರು ಹೊತ್ತರು. ಬಾಗಿಲಲ್ಲಿ ಮಗಳು ತಿರುಗಿ ನಿಂತು ಕೇಳಿದಳು, “ಇದರ ಬಗ್ಗೆ ಏನಾದ್ರೂ ಹೇಳೋದಿದೆಯಾ ಅಕ್ಕ?”

“ನೀರು ತಾಗದ ಹಾಗೆ ಇಡಿ,” ಎಂದಳು ಕಾಗದದಕ್ಕ.

ಅಷ್ಟೇ ಹೇಳಿದ್ದು. ಮಡಚಿದ ಮೂಲೆಯ ಮಾತು ಅವಳಿಗೆ ಹೊಳೆಯಲೇ ಇಲ್ಲ. ಅವಳ ಪಾಲಿಗೆ ಅದು ಮಸಿಯಲ್ಲಿ ಬರೆದದ್ದಕ್ಕಿಂತ ಸ್ಪಷ್ಟವಾಗಿತ್ತು. ಅದನ್ನು ಓದಲು ಬಾರದವರು ಲೋಕದಲ್ಲಿದ್ದಾರೆಂದು ಅವಳು ಎಣಿಸಿಯೇ ಇರಲಿಲ್ಲ.

ಆರು ತಿಂಗಳಲ್ಲಿ ಮೆಲುಕಮ್ಮ ಬೀದಿಗೆ ಬಂದಳು. ಬಿಸ್ಕತ್ತಿನ ಪೊಟ್ಟಣದ ಮೇಲೆ, ಬಸ್ಸಿನ ಬೆನ್ನ ಮೇಲೆ, ಮಕ್ಕಳ ಚಪ್ಪಲಿಯ ಮೇಲೆ. ಮುರಿದ ಕೊಂಬನ್ನು ಸರಿಮಾಡಿದ್ದರು. ಬೀಗ ತೆಗೆದು ರಿಬ್ಬನ್ನು ಕಟ್ಟಿದ್ದರು. ಬಾಯಿ ತುಂಬ ಬೆಳ್ಳಗಿನ ಎರಡು ಸಾಲು ಹಲ್ಲು.

“ಮೇಕೆಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ,” ಎಂದು ಕಾಗದದಕ್ಕ ಅಂಗಡಿಯಲ್ಲಿ ನಿಂತು ತಂಗಿಗೆ ಹೇಳಿದಳು. “ಮೇಷ್ಟ್ರು ಬಾಯಿ ಬಿಡಿಸಿ ನೋಡಿ ಬರೆದಿದ್ರು.”

“ಕಟ್ಟಿಸಿಕೊಂಡಿರಬೇಕು ಬಿಡು. ದುಡಿಯೋಕೆ ಹತ್ತಿದ ಮೇಲೆ ಎಲ್ಲರೂ ಕಟ್ಟಿಸ್ಕೋತಾರೆ,” ಎಂದಳು ತಂಗಿ. ಇಬ್ಬರೂ ನಕ್ಕರು. ಮನೆಗೆ ಬಂದ ಮೇಲೆ ಕಾಗದದಕ್ಕ ಆ ಪೊಟ್ಟಣವನ್ನು ಬಿಡಿಸಲಿಲ್ಲ, ಎಸೆಯಲೂ ಇಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಐವತ್ತೈದರ ಆಸುಪಾಸಿನ ಗಂಡಸು, ಬಾಡಿಗೆ ಕಾರು ಓಡಿಸುವವನು. ಹಳೆಯ ಮುದ್ರಣಾಲಯದ ಬೈಂಡರನನ್ನು ಹುಡುಕಿ, ಅವನಿಂದ ವಿಳಾಸ ತಿಳಿದುಕೊಂಡು ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತು, ಅಂಗಿಯ ಜೇಬಿನಿಂದ ಒಂದು ಬಣ್ಣದ ಕಾರ್ಡು ತೆಗೆದ.

“ನಿಮಗೆ ಕೈ ಮುಗಿದು ಹೋಗೋಣ ಅಂತ ಬಂದೆ ಅಮ್ಮ.”

ಕಾರ್ಡಿನ ಮೇಲೆ ಅವಳದೇ ಅಕ್ಷರವಿತ್ತು. ಅವಳು ಬರೆಯದ ಮಾತುಗಳು, ಅವಳ ಎಡಗೈಯ ಅಕ್ಷರದಲ್ಲಿ. ‘ಪ್ರೀತಿಯ ಗುಬ್ಬಿ, ಇವತ್ತಿಗೆ ನಿನಗೆ ಇಪ್ಪತ್ತಮೂರು ತುಂಬಿತು! ಎಷ್ಟು ಎತ್ತರ ಬೆಳೆದಿದ್ದೀಯೋ! ನನಗೆ ನೀನು ಚೆನ್ನಾಗಿ ನೆನಪಿದ್ದೀಯ. ಈ ಚೀಟಿ ತೋರಿಸಿದರೆ ನನ್ನ ಹೊಸ ಬಿಸ್ಕತ್ತಿನ ಪೊಟ್ಟಣ ನಿನಗೆ ಉಚಿತ. ಬೇಗ ಬಾ, ಕಾಯುತ್ತಿರುತ್ತೇನೆ. ನಿನ್ನ ಮೆಲುಕಮ್ಮ.’

ಗುಬ್ಬಿ. ಒಂಬತ್ತು ವರ್ಷದ ಹುಡುಗಿ. ಹದಿನಾಲ್ಕು ವರ್ಷದ ಹಿಂದೆ ಕಾಗದದಕ್ಕ ಆ ಹುಡುಗಿಯ ಕಾರ್ಡಿನ ಮೂಲೆಯನ್ನು ತಾನೇ ಮಡಚಿದ್ದಳು.

“ಆಸ್ಪತ್ರೆಯಲ್ಲಿದ್ದಾಗ ಅವಳ ಬಲಗೈಗೆ ಸೂಜಿ ಹಾಕಿದ್ರು,” ಅವನು ಹೇಳುತ್ತಿದ್ದ. “ಎಡಗೈಯಲ್ಲಿ ನಿಮಗೆ ಬರೆದಳು. ‘ಅಪ್ಪಾ, ಈಗ ನಂದೂ ಮೇಕೆ ಅಕ್ಷರ’ ಅಂತ ನಕ್ಕಿದ್ದೇ ನಕ್ಕಿದ್ದು. ಅವಳು ಹೋದ ಮೇಲೆ ನಮ್ಮನೇಲಿ ಆ ತಾರೀಕನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲಮ್ಮ. ಕ್ಯಾಲೆಂಡರ್ ಆ ತಿಂಗಳಿಗೆ ತಿರುಗಿಸೋದೇ ಇಲ್ಲ ನನ್ನ ಹೆಂಡತಿ. ಈ ಸಲ ಇದು ಬಂತು. ಇಪ್ಪತ್ತಮೂರು ಅಂತ ನೀವು ಲೆಕ್ಕ ಇಟ್ಟಿದ್ರಲ್ಲ! ನಾವೇ ಇಟ್ಟಿರಲಿಲ್ಲ. ನನ್ನ ಹೆಂಡತಿ ಇಡೀ ದಿನ ಇದನ್ನ ಕೈಯಲ್ಲೇ ಹಿಡ್ಕೊಂಡಿದ್ಲು. ಎಷ್ಟೋ ವರ್ಷದ ಮೇಲೆ ಮಗಳ ಮಾತು ತೆಗೆದ್ಲು.” ಅವನು ಇನ್ನೊಂದು ಜೇಬಿನಿಂದ ಮಡಿಸಿದ ಕಾಗದ ತೆಗೆದ. “ಉತ್ತರ ಬರೆದಿದ್ದಾಳೆ. ಅಂಚೆಗೆ ಹಾಕು ಅಂದ್ಲು. ನಾನೇ ಕೈಗೆ ಕೊಟ್ಟುಬಿಡೋಣ ಅಂತ ತಂದೆ.”

ನಾನು ಬರೆದದ್ದಲ್ಲ ಎನ್ನಬೇಕಿತ್ತು. ಬಾಯಿ ತೆರೆದಳು. ಅವನ ಮುಖದಲ್ಲಿ ಹದಿನಾಲ್ಕು ವರ್ಷದ ದಣಿವು ಅಂದೇ ಒಂದಿಷ್ಟು ಇಳಿದಂತಿತ್ತು. ಬಾಯಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡಳು. ತಂಗಿ ತಂದಿಟ್ಟ ಚಹಾ ಕುಡಿದು ಅವನು ಹೊರಟುಹೋದ.

ಆ ಕಾಗದದಲ್ಲಿ ಏನಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ, ತಂಗಿಗೂ ಇಲ್ಲ. ಓದಿ ಮುಗಿಸಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಅಷ್ಟೇ. ಆಮೇಲೆ ತಟ್ಟನೆ ಎದ್ದಳು. ಗುಬ್ಬಿಯೊಬ್ಬಳೇ ಅಲ್ಲವಲ್ಲ. ಹನ್ನೆರಡು ಡ್ರಾಯರಿನಲ್ಲೂ ಮಡಚಿದ ಮೂಲೆಗಳಿವೆ. ಒಂದೊಂದೂ ತನ್ನ ತಾರೀಕಿಗೆ ಕಾದು ನಿಂತಿದೆ.

“ಚಪ್ಪಲಿ ಕೊಡೇ,” ಎಂದಳು. “ಮೇಷ್ಟ್ರ ಮಗಳ ಮನೆಗೆ ಹೋಗಬೇಕು. ಈಗಲೇ.”

ವಿಷಯ ಕೇಳಿದ ಮೇಷ್ಟ್ರ ಮಗಳು ತಾನೂ ಜೊತೆಗೆ ಬರುತ್ತೇನೆಂದಳು. ಮರುದಿನ ಬೆಳಗ್ಗೆ ಇಬ್ಬರೂ ಕಂಪನಿಗೆ ಹೋದರು. ಹೊಕ್ಕ ಕೂಡಲೇ ಗೋಡೆಯಗಲದ ಮೆಲುಕಮ್ಮ, ಹಲ್ಲು ಕಿರಿದುಕೊಂಡು. ಹುಟ್ಟಿದ ದಿನಕ್ಕೆ ಕಾರ್ಡು ಕಳಿಸುವ ‘ಹಳೆಯ ಗೆಳೆಯರು’ ಎಂಬ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕಿ ಮೂವತ್ತರ ಒಳಗಿನವಳು, ಮಾತಿನಲ್ಲಿ ಮರ್ಯಾದೆಯಿದ್ದವಳು. ಕಾಗದದಕ್ಕ ಯಾರೆಂದು ತಿಳಿದಾಗ ಎದ್ದುನಿಂತಳು.

“ಅಯ್ಯೋ, ನಿಮ್ಮ ಅಕ್ಷರಾನಾ ಅದು! ಹಳೇ ಸಂಚಿಕೆಗಳಿಂದ ಒಂದೊಂದೇ ಅಕ್ಷರ ಆರಿಸಿ ಕಂಪ್ಯೂಟರ್‌ಗೆ ಹಾಕಿಸಿದ್ವಿ. ಏನು ಟೈಪ್ ಮಾಡಿದ್ರೂ ಮೇಕೆ ಬರೆದ ಹಾಗೇ ಬರುತ್ತೆ. ಕೂತ್ಕೊಳಿ ಅಮ್ಮ.”

“ಮೂಲೆ ಮಡಚಿದ ಕಾರ್ಡು ಇತ್ತಲ್ಲಮ್ಮ. ಅವನ್ನ ಏನು ಮಾಡಿದ್ರಿ?”

“ಹೂಂ, ಇದ್ವು. ಸ್ಕ್ಯಾನ್ ಮಾಡೋ ಮಷಿನ್‌ನಲ್ಲಿ ಸಿಕ್ಕಿಕೊಳ್ತಿದ್ವು ಅಂತ ನಮ್ಮ ಹುಡುಗಿಯರು ಎರಡು ದಿನ ಕೂತು ಎಲ್ಲಾ ಬಿಡಿಸಿ ಇಸ್ತ್ರಿ ಹಾಕಿದ್ರು. ಈಗ ಒಂದೂ ಗೊತ್ತಾಗಲ್ಲ ನೋಡಿ, ಅಷ್ಟು ನೀಟಾಗಿ ಮಾಡಿದ್ದಾರೆ.”

ಕಾಗದದಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. ಇಸ್ತ್ರಿ ಹಾಕಿದರಂತೆ. ತಾನು ಒಂದೊಂದನ್ನೂ ಮಡಚಿದ ಮಧ್ಯಾಹ್ನಗಳು ಕಣ್ಣೆದುರಿಗೆ ಬಂದವು. ಮೇಷ್ಟ್ರ ಮಗಳೇ ಮೆಲ್ಲಗೆ ವಿಷಯ ಹೇಳಿದಳು.

ಮೇಲ್ವಿಚಾರಕಿಯ ಮುಖದ ಬಣ್ಣ ಇಳಿಯಿತು. “ಒಂದಿಬ್ಬರು ಫೋನ್ ಮಾಡಿದ್ರು... ಏನೂ ಮಾತಾಡದೆ ಇಟ್ಟುಬಿಟ್ರು. ವಿಳಾಸ ತಪ್ಪಿರಬೇಕು ಅಂದ್ಕೊಂಡ್ವಿ.” ಹಿಂದಿನ ಕಪಾಟಿನತ್ತ ತಿರುಗಿ, “ಅಮ್ಮ, ಇನ್ನೊಂದಿದೆ. ಚೀಟಿ ತಗೊಂಡು ಬರದೇ ಇದ್ದವರಿಗೆ ತಿಂಗಳಾದ ಮೇಲೆ ನೆನಪು ಮಾಡೋಕೆ ಎರಡನೇ ಕಾರ್ಡು ಹೋಗುತ್ತೆ,” ಎಂದು ಒಂದನ್ನು ತಂದು ತೋರಿಸಿದಳು.

‘ಯಾಕೆ ಬರಲಿಲ್ಲ? ಕಾದು ಕಾದು ನನಗೆ ಸಾಕಾಯಿತು. ನನ್ನನ್ನು ಮರೆತೇಬಿಟ್ಟೆಯಾ?’

ಕಾಗದದಕ್ಕ ಅದನ್ನು ಎರಡು ಸಲ ಓದಿದಳು. ಮೇಕೆ ಮುನಿಸಿಕೊಂಡಿತ್ತು. ಸತ್ತುಹೋದ ಮಗುವಿನ ಮೇಲೆ, ಅವಳ ಕೈಯಕ್ಷರದಲ್ಲಿ.

“ಹೋದ ತಿಂಗಳಿನವು ಎಲ್ಲಿವೆ?”

“ಚೀಲ ಕಟ್ಟಿಟ್ಟಿದ್ದಾರೆ. ಶುಕ್ರವಾರ ಅಂಚೆಗೆ ಹೋಗಬೇಕು.” ಅಂದು ಸೋಮವಾರ. “ಯಾರನ್ನ ತೆಗೀಬೇಕು ಅಂತ ನೀವು ಹೇಳಿದ್ರೆ ತೆಗೆಸ್ತೀನಿ. ಇಡೀ ಯೋಜನೆ ನಿಲ್ಲಿಸೋ ಅಧಿಕಾರ ನನಗಿಲ್ಲಮ್ಮ. ಹೆಸರು ನಿಮಗೆ ನೆನಪಿದ್ಯಾ?”

ಕೆಲವು ನೆನಪಿದ್ದವು. ಎಲ್ಲವೂ ನೆನಪಿವೆಯೆಂದು ಪ್ರಮಾಣ ಮಾಡುವ ಧೈರ್ಯವಿರಲಿಲ್ಲ. ಅವಳು ಕೇಳಿದ್ದು ಒಂದೇ, ಕಾರ್ಡುಗಳನ್ನು ತನ್ನೆದುರು ಇಟ್ಟು, ಕಿಟಕಿಯ ಹತ್ತಿರ ಜಾಗ ಕೊಡಿ ಎಂದು.

ಉಗ್ರಾಣದ ಮೂಲೆಯಲ್ಲಿ ಬಿಸ್ಕತ್ತಿನ ಡಬ್ಬಗಳ ನಡುವೆ ಒಂದು ಮೇಜು ಹಾಕಿಕೊಟ್ಟರು. ಡ್ರಾಯರುಗಳು ಹೋಗಿದ್ದವು, ಕಾರ್ಡುಗಳು ರಬ್ಬರು ಹಾಕಿದ ಕಟ್ಟುಗಳಾಗಿ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಅವಳು ಒಂದೊಂದನ್ನೂ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳನ್ನು ಮೇಲಿನ ಮೂಲೆಯ ಮೇಲೆ ಎಳೆಯುತ್ತಿದ್ದಳು. ಎಷ್ಟೇ ಇಸ್ತ್ರಿ ಹಾಕಿದರೂ ಮುರಿದ ರಟ್ಟು ತನ್ನ ಗೆರೆಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಕೂದಲೆಳೆಯಷ್ಟು ಏರು ಉಳಿದಿರುತ್ತದೆ. ಸಾವಿರಾರು ಕಾರ್ಡುಗಳು. ಮೊದಲ ದಿನ ಸಂಜೆಗೆ ಬೆರಳಿನ ತುದಿ ಸವೆದು ಕೆಂಪಾಯಿತು. ಅವಳು ಎಡಗೈಗೆ ಬದಲಾಯಿಸಿಕೊಂಡಳು.

ಮೇಷ್ಟ್ರ ಮಗಳೂ ದಿನಾ ಬಂದು ಎದುರಿಗೆ ಕೂತಳು. ಮೂರನೆಯ ದಿನ ಮಧ್ಯಾಹ್ನ ಒಂದು ಕಾರ್ಡನ್ನು ಹಿಡಿದು ಅಲ್ಲಾಡದೆ ಕೂತುಬಿಟ್ಟಳು. ಅದರ ಗೆರೆ ಬೇರೆಯವಕ್ಕಿಂತ ದೊಡ್ಡದು, ಅರ್ಧ ಕಾರ್ಡನ್ನೇ ಮಡಚಿದಂತಿತ್ತು. ಗೆರೆಯ ಪಕ್ಕದಲ್ಲಿ ನೀಲಿ ಬಣ್ಣದ ಹೆಬ್ಬೆರಳ ಗುರುತು.

“ಇದು ಅಪ್ಪ ಮಡಚಿದ್ದು, ಅಲ್ವಾ ಅಕ್ಕ?”

“ಹೌದಮ್ಮ. ಅವರ ಕೈ ನಡುಗ್ತಿತ್ತು ಅವತ್ತು.”

“ಈ ಮೇಕೆನ ಕೊಟ್ಟಿದ್ದು ನಾನು.” ಅವಳು ಕಾರ್ಡನ್ನು ಮೇಜಿನ ಮೇಲಿಟ್ಟಳು. “ಅಪ್ಪನ ಬೀರು ಖಾಲಿ ಮಾಡಿ ಕೊಟ್ಟ ಹಾಗೆ ಕೊಟ್ಟುಬಿಟ್ಟೆ. ಒಳಗೆ ಇಷ್ಟೆಲ್ಲ ಇತ್ತು ಅಂತ ನನಗೇನು ಗೊತ್ತು?”

“ನಿನಗೆ ಹೇಗೆ ಗೊತ್ತಾಗಬೇಕು? ಬಾಗಿಲಲ್ಲಿ ನಿಂತು ಕೇಳಿದೆಯಲ್ಲ ನೀನು. ನೀರಿನ ಮಾತು ಹೇಳಿದೆನೇ ಹೊರತು ಇದನ್ನ ಹೇಳಿದ್ನಾ ನಾನು? ಕಾರ್ಡಿನ ಮೇಲೆ ಒಂದೇ ಒಂದು ಪದ ಬರೆದಿದ್ದರೆ ಸಾಕಿತ್ತು. ಬರೆಯೋ ಕೆಲಸ ಮಾಡಿದವಳು ಅದೊಂದನ್ನ ಬರೀಲಿಲ್ಲ.”

ಮಗಳು ಎದ್ದು ಬಂದು ಅವಳ ಹೆಗಲ ಮೇಲೆ ತಲೆಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಮತ್ತೆ ಕಾರ್ಡು ಹಿಡಿದರು.

ಗುರುವಾರ ಸಂಜೆಗೆ ಕೊನೆಯ ಕಟ್ಟು ಮುಗಿಯಿತು. ಐವತ್ತೆಂಟು ಮಕ್ಕಳು. ಮೇಲ್ವಿಚಾರಕಿ ಆ ಐವತ್ತೆಂಟು ಹೆಸರನ್ನೂ ಅವರ ಕಣ್ಣೆದುರೇ ಪಟ್ಟಿಯಿಂದ ತೆಗೆಸಿದಳು. ಅಂಚೆಯ ಚೀಲವನ್ನು ತಾನೇ ಬಿಚ್ಚಿ, ನೆಲದ ಮೇಲೆ ಕೂತು, ಎರಡನೆಯ ಕಾರ್ಡುಗಳಲ್ಲಿ ಐದನ್ನು ಆರಿಸಿ ಕಾಗದದಕ್ಕನ ಕೈಗೆ ಕೊಟ್ಟಳು. ಅದರಲ್ಲಿ ಗುಬ್ಬಿಯದೂ ಇತ್ತು. ಅವಳು ಐದನ್ನೂ ಅಲ್ಲೇ ಹರಿದಳು.

ಆದರೆ ಯೋಜನೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಹತ್ತೊಂಬತ್ತು ಮನೆಗಳಿಗೆ ಆಗಲೇ ಮೊದಲ ಕಾರ್ಡು ಮುಟ್ಟಿತ್ತು. ಕೆಲವಕ್ಕೆ ಎರಡನೆಯದೂ.

“ಕ್ಷಮೆ ಕೇಳಿ ಒಂದು ಕಾರ್ಡು ಕಳಿಸೋಣ ಅಮ್ಮ,” ಎಂದಳು ಮೇಲ್ವಿಚಾರಕಿ. ಅವಳ ಕಣ್ಣೂ ಒದ್ದೆಯಾಗಿತ್ತು. “ನಿಮ್ಮ ಅಕ್ಷರದಲ್ಲೇ ಅಚ್ಚು ಹಾಕಿಸ್ತೀನಿ.”

“ಬೇಡ ತಾಯಿ. ಅವರ ಮನೆಗೆ ಇನ್ನೊಂದು ಕಾಗದ ಹೋಗೋದು ಬೇಡ. ವಿಳಾಸ ಕೊಡು. ನಾನೇ ಹೋಗಿ ಹೇಳಿ ಬರ್ತೀನಿ.”

ಮೊದಲನೆಯ ಮನೆ ಗುಬ್ಬಿಯದು. ಕಾಗದದಕ್ಕ ತಾನೇ ಫೋನು ಮಾಡಿ, “ನಿಮ್ಮ ಮನೆಯವರನ್ನ ನೋಡಬೇಕಪ್ಪ,” ಎಂದಾಗ ಕಾರಿನವನಿಗೆ ಎಲ್ಲಿಲ್ಲದ ಸಂತೋಷ. ಶನಿವಾರ ಮಧ್ಯಾಹ್ನ ಬಂದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಹೆಂಡತಿಗೆ ಮೊದಲೇ ಹೇಳಿದರೆ ಗಾಬರಿಯಾಗುತ್ತಾಳೆಂದು ಹೇಳಿರಲಿಲ್ಲ. ದಾರಿಯಲ್ಲಿ ಕಾಗದದಕ್ಕ ಅವನಿಗೆ ನಿಜ ಹೇಳಿದಳು. ಅವನು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಬೈಯಲಿಲ್ಲ. ಆಮೇಲೆ, “ಅವಳಿಗೆ ಹೇಳಲೇಬೇಕಾ ಅಮ್ಮ?” ಎಂದು ಕೇಳಿದ.

“ಇಲ್ಲದಿದ್ರೆ ಮುಂದಿನ ವರ್ಷ ಆ ದಿನ ಬಾಗಿಲಲ್ಲಿ ಕಾಯ್ತಾರಪ್ಪ.”

ಅವನು ಕಾರು ಹೊರಡಿಸಿದ.

ಆ ಹೊತ್ತಿನಲ್ಲಿ ಕಾರು ಎಂದೂ ಮನೆಗೆ ಬರುತ್ತಿರಲಿಲ್ಲ. ನಿಂತ ಸದ್ದಿಗೆ ಒಳಗಿನಿಂದ ಹೆಂಗಸೊಬ್ಬಳು ಓಡಿ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಗಂಡನನ್ನು ನೋಡಲಿಲ್ಲ. ಅವಳ ಕಣ್ಣೆಲ್ಲ ಕಾರಿನ ಹಿಂದಿನ ಬಾಗಿಲ ಮೇಲೆ. ಅದು ತೆರೆಯುವ ತನಕ ಆ ಮುಖದಲ್ಲಿ ಏನೋ ಬೆಳಗಿ ನಿಂತಿತ್ತು. ಒಳಗಿನಿಂದ ಬಿಳಿ ತಲೆಯೊಂದು ಇಳಿದದ್ದೇ ತಡ, ಆರಿಹೋಯಿತು.

“ಯಾರಿವರು?”

“ಮೇಕೆ ಕಾಗದ ಬರೀತಿದ್ದ ಅಮ್ಮ ಕಣೇ,” ಎಂದ ಗಂಡ.

ಒಳಗೆ ಕೂತು ಕಾಗದದಕ್ಕ ಎಲ್ಲವನ್ನೂ ಹೇಳಿದಳು. ಮೂಲೆ ಮಡಚಿದ್ದು, ಅದನ್ನು ಯಾರಿಗೂ ಹೇಳದೆ ಕೊಟ್ಟದ್ದು, ಕಂಪನಿಯವರು ಬಿಡಿಸಿದ್ದು. ತಪ್ಪನ್ನು ಬೇರೆ ಯಾರ ಮೇಲೂ ಹಾಕಲಿಲ್ಲ. “ಆ ಕಾರ್ಡು ನಾನು ಬರೆದಿದ್ದಲ್ಲ ತಾಯಿ. ನಿಮ್ಮ ಮಗಳನ್ನ ನೆನ್ಕೊಂಡು ಯಾರೂ ಬರೆದಿದ್ದಲ್ಲ. ಮಷಿನ್ ಬರೆದಿದ್ದು,” ಎಂದು ಕೈ ಮುಗಿದಳು.

ಆ ತಾಯಿ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

“ನನಗೆ ಗೊತ್ತಿತ್ತಮ್ಮ,” ಎಂದಳು. “ಬಿಸ್ಕತ್ತಿನ ಚೀಟಿ ನೋಡಿದಾಗಲೇ ಗೊತ್ತಾಯ್ತು. ಅಷ್ಟೂ ತಿಳಿಯದವಳಾ ನಾನು? ಆದರೂ ಹೆಸರು ಬರೆದಿತ್ತಲ್ಲ. ಗುಬ್ಬಿ ಅಂತ. ಹದಿನಾಲ್ಕು ವರ್ಷದಿಂದ ನಮ್ಮನೆಗೆ ಬರೋ ಯಾವ ಕಾಗದದ ಮೇಲೂ ಅವಳ ಹೆಸರಿರಲಿಲ್ಲ.”

ಗಂಡ ಗೋಡೆಯ ಕಡೆ ತಿರುಗಿಕೊಂಡ.

“ನನ್ನ ಕಾಗದ ಏನು ಮಾಡಿದ್ರಿ?”

“ಓದಿದೆ. ಆಮೇಲೆ ಹರಿದು ನೀರಿಗೆ ಹಾಕಿದೆ.”

“ಹಾಗಾದ್ರೆ ಮೇಕೆ ತಿಂದ ಹಾಗೇ ಆಯ್ತು.” ಅವಳು ತಲೆಯಾಡಿಸಿದಳು. ಮತ್ತೆ ಕೇಳಿದಳು, “ನಿಮಗೆ ಅವಳು ನೆನಪಿದ್ದಾಳಾ? ನಿಜ ಹೇಳಿ. ಸಾವಿರಾರು ಮಕ್ಕಳಲ್ಲಿ.”

“ಮುಖ ನೋಡಿಲ್ಲ ತಾಯಿ. ಹೆಸರು ಗೊತ್ತು. ಹದಿನಾಲ್ಕು ವರ್ಷದಿಂದ ಆ ತಿಂಗಳ ಮೊದಲ ದಿನ ದೇವರ ಮುಂದೆ ಹೇಳ್ತಾ ಇದ್ದೀನಿ. ಕಾರ್ಡು ಹೋದ ಮೇಲೂ ಬಾಯಲ್ಲಿ ಹೇಳ್ತೀನಿ.”

ಆಗ ಆ ತಾಯಿ ಅತ್ತಳು. ಕಾಗದದಕ್ಕ ಅವಳು ಅಳುವಷ್ಟು ಹೊತ್ತೂ ಪಕ್ಕದಲ್ಲಿ ಕೂತಿದ್ದಳು. ಕಾಗದದಕ್ಕ ಹೊರಟಾಗ ಆ ತಾಯಿ ಕಣ್ಣೊರೆಸಿಕೊಂಡು ಆ ಬಣ್ಣದ ಕಾರ್ಡನ್ನು ತಂದು, ಬಿಸ್ಕತ್ತಿನ ಚೀಟಿಯ ಭಾಗವನ್ನು ಹರಿದು ಕಾಗದದಕ್ಕನ ಕೈಗಿಟ್ಟಳು. ಹೆಸರಿದ್ದ ಭಾಗವನ್ನು ತಾನೇ ಇಟ್ಟುಕೊಂಡಳು.

ಕಾರಿನವನು ಗೇಟಿನ ತನಕ ಜೊತೆಗೆ ಬಂದ. ಅವಳ ಕೈಯಲ್ಲಿದ್ದ ವಿಳಾಸದ ಪಟ್ಟಿಯನ್ನು ನೋಡಿದ. ಹದಿನೆಂಟು ಮನೆಗಳು, ಕೆಲವು ದೂರ, ಕೆಲವು ಬಸ್ಸು ಬದಲಾಯಿಸಿ ಹೋಗಬೇಕಾದ ಕಡೆ.

“ಈ ವಯಸ್ಸಲ್ಲಿ ಒಬ್ಬರೇ ಹೇಗೆ ಅಲೀತೀರಮ್ಮ? ನಾನು ಕರ್ಕೊಂಡು ಹೋಗ್ತೀನಿ. ಬಾಡಿಗೆ ಗೀಡಿಗೆ ಏನೂ ಬೇಡ. ಒಂದೊಂದು ಮನೆ ಮುಂದೇನೂ ಇಳಿಸಿ ಕಾಯ್ತೀನಿ.” ಅವನು ಆಗಲೇ ಹಿಂದಿನ ಬಾಗಿಲು ತೆರೆದು ಹಿಡಿದಿದ್ದ. “ನನ್ನ ಮಗಳ ಕೆಲಸ ಅಂದ್ಕೊಂಡು ಮಾಡ್ತೀನಿ. ಇಲ್ಲ ಅನ್ನಬೇಡಿ.”

ಕಾಗದದಕ್ಕ ಅವನ ಕೈಯ ಮೇಲೆ ಕೈಯಿಟ್ಟು, ಬಾಗಿಲನ್ನು ಮೆಲ್ಲಗೆ ಮುಚ್ಚಿಸಿದಳು.

“ಬೇಡಪ್ಪ. ಕಾರು ನಿಂತ ಸದ್ದಿಗೆ, ಮಗಳೇ ಬಂದ್ಲೇನೋ ಅನ್ನೋ ಹಾಗೆ ನಿಮ್ಮ ಮನೆಯವರು ಹೇಗೆ ಓಡಿ ಬಂದ್ರು, ನೋಡಿದ್ರಲ್ಲ. ಬೇಗ ಬಾ ಅಂತ ಬರೆದ ಕಾರ್ಡು ಆ ಮನೆಗಳಲ್ಲೂ ಇದೆ. ಇನ್ನೂ ಹದಿನೆಂಟು ಬಾಗಿಲಲ್ಲಿ ಆ ಮುಖ ನೋಡೋ ಶಕ್ತಿ ನನಗಿಲ್ಲ. ಬಸ್ಸಿಳಿದು ನಡ್ಕೊಂಡು ಹೋಗ್ತೀನಿ. ನಡ್ಕೊಂಡು ಬರೋ ಮುದುಕಿನ ನೋಡಿ ಯಾರೂ ಏನೂ ಆಸೆ ಪಡಲ್ಲ.”